ಬ್ಲಾಸ್ಟ್ ಪಟ್ಟಿಯ ಮೊದಲ ಸಾಲು ನೋಡಿ ಹೆಸರಿಡಬೇಡಿ

ಪ್ರತಿ ವರ್ಷ ಪ್ರಾಜೆಕ್ಟ್ ಸಮಯದಲ್ಲಿ ಇದೇ ಕಥೆ. ಎಂಎಸ್‌ಸಿ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಓಡಿಬರುತ್ತಾನೆ. "ಸರ್, ಸಿಕ್ತು! ನಮ್ಮ ಬ್ಯಾಕ್ಟೀರಿಯಾದಲ್ಲಿ ಮಾಲ್ಟೋಸ್ ಸಕ್ಕರೆ ಸಾಗಿಸೋ ಪ್ರೊಟೀನ್ ಇದೆ." ಹೇಗೆ ಗೊತ್ತಾಯ್ತಪ್ಪಾ ಎಂದರೆ ಬ್ಲಾಸ್ಟ್ (ನಮ್ಮ ಪ್ರೊಟೀನಿಗೆ ಹೋಲುವ ಪ್ರೊಟೀನುಗಳನ್ನು ಡೇಟಾಬೇಸ್‌ನಿಂದ ಹುಡುಕಿಕೊಡುವ ಪ್ರೋಗ್ರಾಂ) ಕೊಟ್ಟ ಪಟ್ಟಿಯ ಮೊದಲ ಸಾಲು ತೋರಿಸುತ್ತಾನೆ. ಬೇರೇನೂ ಇಲ್ಲ.

ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ. ಸಕ್ಕರೆ, ಅಮೈನೊ ಆಮ್ಲ, ಕಬ್ಬಿಣ ಎಲ್ಲವೂ ಪೊರೆಯಲ್ಲಿ ಕೂತ ಪ್ರೊಟೀನುಗಳ ಮೂಲಕವೇ ಒಳಗೆ ಬರಬೇಕು. ಹೊಸ ಜೀನೋಮ್‌ನಲ್ಲಿ, ಅಂದರೆ ಜೀವಿಯ ಪೂರ್ತಿ ಡಿಎನ್‌ಎಯಲ್ಲಿ, ಇವನ್ನು ಹುಡುಕಲು, ಮೊದಲೇ ಗೊತ್ತಿರುವ ಪ್ರೊಟೀನುಗಳ ಅಕ್ಷರಸಾಲಿನ (ಒಂದೊಂದು ಅಮೈನೊ ಆಮ್ಲಕ್ಕೆ ಒಂದೊಂದು ಅಕ್ಷರ) ಜೊತೆ ಹೋಲಿಸುತ್ತೇವೆ. ಕೆಲಸ ಸುಲಭ, ಎಡವುವುದೂ ಸುಲಭ.

ಹಂತ 1. ಪ್ರೊಟೀನಿನ ಸಾಲು ತೆಗೆದುಕೊಳ್ಳಿ. ಡಿಎನ್‌ಎ ಹಾಕಬೇಡಿ, ದೂರದ ನೆಂಟಸ್ತಿಕೆ ಡಿಎನ್‌ಎಯಲ್ಲಿ ಬೇಗ ಅಳಿಸಿಹೋಗುತ್ತದೆ.

ಹಂತ 2. ಪ್ರೊಟೀನಿಗೆಂದೇ ಇರುವ ಬ್ಲಾಸ್ಟ್‌ಪಿ ಓಡಿಸಿ. ಆದರೆ ಮೊದಲು ಸ್ವಿಸ್‌ಪ್ರಾಟ್ ಎಂಬ ಪ್ರೊಟೀನ್ ಡೇಟಾಬೇಸ್ ವಿರುದ್ಧ. ಎಲ್ಲರೂ ಎನ್‌ಆರ್ ಎಂಬ ಡೇಟಾಬೇಸ್ ಮಹಾಸಾಗರಕ್ಕೇ ಧುಮುಕುತ್ತಾರೆ. ಅಲ್ಲಿನ ಬಹುಪಾಲು ಹೆಸರುಗಳು ಕಂಪ್ಯೂಟರ್ ಇಟ್ಟವು. ಒಂದು ತಪ್ಪು ಹೆಸರು ನೂರು ಕಡೆ ನಕಲಾಗಿರುತ್ತದೆ. ಸ್ವಿಸ್‌ಪ್ರಾಟ್‌ನ ನಮೂದುಗಳನ್ನು ಮನುಷ್ಯರು ಓದಿ ಪರಿಶೀಲಿಸಿದ್ದಾರೆ. ಆಮೇಲೆ ಟಿಸಿಡಿಬಿಯಲ್ಲೂ ನೋಡಿ. ಇದು ಸಾಗಣೆ ಪ್ರೊಟೀನುಗಳಿಗೆಂದೇ ಇರುವ ಡೇಟಾಬೇಸ್, ಕುಟುಂಬಕ್ಕೊಂದು ಸಂಖ್ಯೆ ಕೊಡುತ್ತದೆ. ಎಟಿಪಿ ಎಂಬ ಜೀವಕೋಶದ ಇಂಧನ ಒಡೆದು ಸಾಗಿಸುವ ಎಬಿಸಿ ಕುಟುಂಬ 3.ಎ.1, ಲ್ಯಾಕ್ಟೋಸ್ ಸಾಗಿಸುವ ಲ್ಯಾಕ್‌ವೈ ಇರುವ ಎಂಎಫ್‌ಎಸ್ ಕುಟುಂಬ 2.ಎ.1.

ಜೀನೋಮ್ ಕೊಟ್ಟರೆ ಒಂದೇ ಗುಂಡಿಗೆ ಪೂರ್ತಿ ವರದಿ ಕೊಡುವ ತಾಣಗಳೂ ಇವೆ. ಅಂಥ ಒಂದು ತಾಣ ನನಗೆ ಡಿಎನ್‌ಎ ರಿಪೇರಿ ಮಾಡುವ ಯುವಿಆರ್‌ಎ ಪ್ರೊಟೀನನ್ನು ಸಾಗಣೆ ಪ್ರೊಟೀನ್ ಎಂದು ಬರೆದುಕೊಟ್ಟಿತ್ತು. ಅದರಲ್ಲೂ ಎಬಿಸಿ ಸಾಗಣೆ ಪ್ರೊಟೀನಿನಲ್ಲೂ ಎಟಿಪಿ ಒಡೆಯುವ ಭಾಗ ಒಂದೇ ಥರ ಇದೆ, ಅದಕ್ಕೆ.

ಹಂತ 3. ಅಂಕಿಗಳನ್ನು ಓದಿ. ಇಷ್ಟು ದೊಡ್ಡ ಡೇಟಾಬೇಸ್‌ನಲ್ಲಿ ಬರೀ ಅದೃಷ್ಟದಿಂದ ಇಂಥ ಹೋಲಿಕೆ ಎಷ್ಟು ಸಲ ಸಿಗಬಹುದು ಎಂಬುದೇ ಇ-ವ್ಯಾಲ್ಯೂ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಆದರೆ ಅದು ನೆಂಟಸ್ತಿಕೆಯ ಸಾಕ್ಷಿ ಮಾತ್ರ, ಕೆಲಸದ ಸಾಕ್ಷಿ ಅಲ್ಲ. ಪಕ್ಕದಲ್ಲೇ ಕವರೇಜ್ ಎಂಬ ಅಂಕಿ ಇರುತ್ತದೆ, ಪ್ರೊಟೀನಿನ ಎಷ್ಟು ಭಾಗ ಹೊಂದಿದೆ ಎಂದು ಹೇಳುತ್ತದೆ, ಯಾರೂ ನೋಡಲ್ಲ. ಪ್ರೊಟೀನಿನ ಕಾಲು ಭಾಗ ಮಾತ್ರ ಹೊಂದಿದರೆ ಅದು ಒಂದು ತುಂಡಿನ ಹೋಲಿಕೆ ಅಷ್ಟೇ. ನಮ್ಮ ಪ್ರೊಟೀನು, ಸಿಕ್ಕ ಪ್ರೊಟೀನು ಎರಡೂ ಕಡೆ 70 ಶೇಕಡಾಕ್ಕಿಂತ ಕಡಿಮೆ ಇದ್ದರೆ ನಾನು ಪಕ್ಕಕ್ಕಿಡುತ್ತೇನೆ.

ಹಂತ 4. ಎಲ್ಲರೂ ಜಾರುವುದು ಇಲ್ಲೇ. ಕುಟುಂಬ ಸಿಕ್ಕಿತು ಸರಿ, ಸಾಗಿಸುವುದು ಏನನ್ನು?

ಇ. ಕೊಲೈ ಬ್ಯಾಕ್ಟೀರಿಯಾದ ಮಾಲ್ಟೋಸ್ ವ್ಯವಸ್ಥೆಯನ್ನೇ ನೋಡಿ. ಮಾಲ್‌ಇ ಎಂಬ ಪ್ರೊಟೀನು ಹೊರಗೆ ಮಾಲ್ಟೋಸ್ ಹಿಡಿಯುತ್ತದೆ. ಮಾಲ್‌ಎಫ್, ಮಾಲ್‌ಜಿ ಸೇರಿ ಪೊರೆಯಲ್ಲಿ ದಾರಿ ಮಾಡುತ್ತವೆ. ಒಳಗಿನಿಂದ ಎರಡು ಮಾಲ್‌ಕೆ ಎಟಿಪಿ ಒಡೆದು ಶಕ್ತಿ ಕೊಡುತ್ತವೆ. ಮಾಲ್‌ಕೆಯನ್ನು ಗುರುತಿಸುವುದು ಸುಲಭ. ಒಂದು ಜಿ, ಯಾವುದಾದರೂ ನಾಲ್ಕು ಅಕ್ಷರ, ಆಮೇಲೆ ಜಿ, ಕೆ, ಕೊನೆಗೆ ಎಸ್ ಅಥವಾ ಟಿ. ಇದು 1982ರಲ್ಲಿ ಜಾನ್ ವಾಕರ್ ಮತ್ತು ಜೊತೆಗಾರರು ತೋರಿಸಿದ ವಾಕರ್ ಎ ಗುರುತು. ಸ್ವಲ್ಪ ಮುಂದೆ ಎಲ್-ಎಸ್-ಜಿ-ಜಿ-ಕ್ಯೂ. ಇವೆರಡೂ ಜೊತೆಗಿದ್ದರೆ ಎಬಿಸಿ ಮನೆತನ ಎನ್ನಬಹುದು.

ಆದರೆ ಎಂಜಿನ್ ನೋಡಿ ಲಾರಿಯಲ್ಲಿ ಏನಿದೆ ಅಂತ ಹೇಳೋಕಾಗುತ್ತಾ? ಗ್ಲಿಸರಾಲ್-3-ಫಾಸ್ಫೇಟ್ ಸಾಗಿಸುವ ಇನ್ನೊಂದು ವ್ಯವಸ್ಥೆಯ ಯುಜಿಪಿಸಿ ಎಷ್ಟು ಹತ್ತಿರದ್ದೆಂದರೆ ಮಾಲ್‌ಕೆ ಜಾಗದಲ್ಲಿ ಕೂತು ಕೆಲಸ ಮಾಡಬಲ್ಲದು. ಹಾಗಾಗಿ ಎಟಿಪಿ ತುಂಡಿನ ಮೇಲೆ ಸಕ್ಕರೆಯ ಹೆಸರು ಬರೆಯಬೇಡಿ. ಸರಕನ್ನು ಹಿಡಿಯುವುದು ಮಾಲ್‌ಇ ಥರದ ಪ್ರೊಟೀನು, ಅದನ್ನು ಹುಡುಕಿ. ತೊಂದರೆ ಏನೆಂದರೆ ಇವು ಒಂದರಿಂದ ಒಂದು ತುಂಬಾ ಬೇರೆಯಾಗಿರುತ್ತವೆ, ಬ್ಲಾಸ್ಟ್‌ಗೆ ಸುಲಭವಾಗಿ ಸಿಗುವುದಿಲ್ಲ. ಬೇಗ ಸಿಗುವ ತುಂಡು ಕಡಿಮೆ ಹೇಳುತ್ತದೆ, ಜಾಸ್ತಿ ಹೇಳುವ ತುಂಡು ಬೇಗ ಸಿಗುವುದಿಲ್ಲ.

ಆದ್ದರಿಂದ ಅಕ್ಕಪಕ್ಕದ ಜೀನ್ ನೋಡಿ. ಇ. ಕೊಲೈನಲ್ಲಿ ಮಾಲ್‌ಇ, ಎಫ್, ಜಿ ಒಂದೇ ಸಾಲಿನಲ್ಲಿವೆ. ಮಾಲ್‌ಕೆ ಅವುಗಳ ಪಕ್ಕದಲ್ಲೇ ಇದೆ, ಮುಖ ಮಾತ್ರ ಆ ಕಡೆ. ಹಿಡಿಯುವ ಪ್ರೊಟೀನು ಅಲ್ಲೇ ಸಿಕ್ಕರೆ ಅದನ್ನು ಬೇರೆಯಾಗಿ ಬ್ಲಾಸ್ಟ್ ಮಾಡಿ. ಹೋಲಿಕೆ ಮಸುಕಾಗಿದ್ದರೆ ಹೆಚ್‌ಎಂಎಂಇಆರ್ ಎಂಬ ಪ್ರೋಗ್ರಾಂ ಬಳಸಿ. ಅದು ಒಂದೇ ಪ್ರೊಟೀನಿನ ಜೊತೆ ಅಲ್ಲ, ಇಡೀ ಕುಟುಂಬದ ಮಾದರಿಯ ಜೊತೆ ಹೋಲಿಸುತ್ತದೆ.

ಹೆಸರನ್ನೇ ಟೈಪ್ ಮಾಡಿ ಹುಡುಕುವವರಿಗೆ ಒಂದು ಮಾತು. ಕ್ಸೈಲ್‌ಇ ಎಂದರೆ ಇ. ಕೊಲೈನಲ್ಲಿ ಕ್ಸೈಲೋಸ್ ಸಾಗಿಸುವ ಪ್ರೊಟೀನು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಅದೇ ಹೆಸರು ಕ್ಯಾಟೆಕಾಲ್ ಎಂಬ ರಾಸಾಯನಿಕ ಒಡೆಯುವ ಕಿಣ್ವಕ್ಕಿದೆ! ಇನ್ನು ಇ. ಕೊಲೈನ ಕ್ಸೈಲ್‌ಇ ನಮ್ಮ ದೇಹದ ಗ್ಲೂಕೋಸ್ ಸಾಗಿಸುವ ಗ್ಲಟ್ ಪ್ರೊಟೀನುಗಳ ನೆಂಟ. ಗ್ಲೂಕೋಸ್ ಅದಕ್ಕೆ ಅಂಟಿಕೊಳ್ಳುತ್ತದೆ ಕೂಡ. ಆದರೆ ಒಳಗೆ ಹೋಗುವುದಿಲ್ಲ.

ಹಂತ 5. ಪೊರೆ ದಾಟುವ ಸುರುಳಿಗಳನ್ನು ಎಣಿಸಿ. ಲ್ಯಾಕ್‌ವೈಗೆ 12. ಆರಂಭದ ಸಿಗ್ನಲ್ ಪೆಪ್ಟೈಡ್ (ಪ್ರೊಟೀನು ಎಲ್ಲಿಗೆ ಹೋಗಬೇಕೆಂದು ಹೇಳುವ ವಿಳಾಸಚೀಟಿಯಂಥ ತುಂಡು) ಕೂಡ ಸುರುಳಿಯಂತೆ ಕಾಣುತ್ತದೆ, ಸುಮ್ನೆ ಎಣಿಸಿಬಿಡಬೇಡಿ, ಸಿಗ್ನಲ್‌ಪಿ ಎಂಬ ಪ್ರೋಗ್ರಾಂನಲ್ಲಿ ಪರೀಕ್ಷಿಸಿ. ಓಎಂಪಿಎಫ್‌ನಂಥ ಹೊರಪೊರೆಯ ಪ್ರೊಟೀನಿನಲ್ಲಿ ಸುರುಳಿಯೇ ಇರುವುದಿಲ್ಲ, ಅದು ಪೀಪಾಯಿ ಆಕಾರದ್ದು. ಸೊನ್ನೆ ಬಂತೆಂದು ಎಸೆಯಬೇಡಿ.

ಹಂತ 6. ವರದಿಯಲ್ಲಿ "ಇರಬಹುದು" ಎಂದೇ ಬರೆಯಿರಿ. ಆ ಜೀನ್ ಕೆಡಿಸಿ, ಮಾಲ್ಟೋಸ್ ಒಂದನ್ನೇ ಆಹಾರವಾಗಿ ಕೊಟ್ಟಾಗ ಬ್ಯಾಕ್ಟೀರಿಯಾ ಬೆಳೆಯದಿದ್ದರೆ, ಜೀನ್ ವಾಪಸ್ ಕೊಟ್ಟಾಗ ಬೆಳೆದರೆ, ಆಗ "ಇರಬಹುದು" ತೆಗೆಯಿರಿ.

ಆ ಹುಡುಗನ ಪ್ರೊಟೀನು ಏನಾಯಿತು ಅಂತೀರಾ? ಪಕ್ಕದ ಜೀನನ್ನು ಇಬ್ಬರೂ ಕೂತು ಬ್ಲಾಸ್ಟ್ ಮಾಡಿದೆವು. ಸಿಕ್ಕಿದ್ದು ಗ್ಲಿಸರಾಲ್-3-ಫಾಸ್ಫೇಟ್ ಹಿಡಿಯುವ ಯುಜಿಪಿಬಿಯ ನೆಂಟ. ಪ್ರಾಜೆಕ್ಟ್ ಶೀರ್ಷಿಕೆಯಲ್ಲಿದ್ದ ಮಾಲ್ಟೋಸನ್ನು ಆವತ್ತೇ ಹೊಡೆದುಹಾಕಿದ.