ಎರಡು ಕಣ್ಣಿಗೆ ಎರಡು ಬಣ್ಣ: ಮಿದುಳಿನ ಕೆಲಸ ನೀವೇ ನೋಡಿ

ಕಣ್ಣು ಎರಡಿದ್ದರೂ ನಮಗೆ ಕಾಣುವ ನೋಟ ಒಂದೇ. ಹಾಗೆ ಒಂದು ಮಾಡುವುದು ಮಿದುಳು. ಅದರ ಕೆಲಸವನ್ನು ಮನೆಯಲ್ಲೇ ನೋಡಬಹುದು. ಕೆಂಪು, ಹಸಿರು ಜಿಲೆಟಿನ್ ಪೇಪರಿನ ಒಂದೊಂದು ತುಂಡು ಮತ್ತು ಒಂದು ಬಿಳಿ ಗೋಡೆ ಸಾಕು. ಕನ್ನಡಕ ಇರುವವರು ಹಾಕಿಕೊಂಡೇ ಮಾಡಿ.

ಮೊದಲು ಬೆರಳಿನಿಂದ ಶುರು ಮಾಡೋಣ. ಮುಖದಿಂದ ಒಂದಡಿ ದೂರದಲ್ಲಿ ತೋರುಬೆರಳನ್ನು ನೆಟ್ಟಗೆ ಹಿಡಿದು, ದೂರದ ಗೋಡೆಯನ್ನು ನೋಡಿ. ಬೆರಳು ಎರಡಾಗಿ ಕಾಣುತ್ತದೆ. ಈಗ ಬಲಗಣ್ಣು ಮುಚ್ಚಿ. ಮಾಯವಾಗುವುದು ಎಡಗಡೆಯ ಬೆರಳು! ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ ಇರುವುದರಿಂದ ಎರಡಕ್ಕೂ ಬೇರೆ ಬೇರೆ ಚಿತ್ರ ಸಿಗುತ್ತದೆ. ಆ ವ್ಯತ್ಯಾಸದಿಂದಲೇ ಮಿದುಳು ಹತ್ತಿರ, ದೂರ ಲೆಕ್ಕ ಹಾಕುತ್ತದೆ. ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಇದನ್ನು ತೋರಿಸಿದ್ದರು. ಒಂದೊಂದು ಕಣ್ಣಿಗೆ ಒಂದೊಂದು ಚಪ್ಪಟೆ ಚಿತ್ರ ತೋರಿಸಿದರೂ ನೋಡುವವರಿಗೆ ಆಳ ಕಂಡಿತು.

ಮುಂದಿನದು ಬಣ್ಣ. ನನ್ನ ಪ್ರಕಾರ ನಿಜವಾದ ಮಜಾ ಇಲ್ಲಿದೆ. ಎಡಗಣ್ಣಿಗೆ ಕೆಂಪು, ಬಲಗಣ್ಣಿಗೆ ಹಸಿರು ಪೇಪರ್ ಹಿಡಿದು ಗೋಡೆ ನೋಡಿ. ತೆಳುವಾಗಿದ್ದರೆ ಎರಡು ಪದರ ಮಾಡಿಕೊಳ್ಳಿ. ಎರಡೂ ಸೇರಿ ಒಂದು ಬಣ್ಣ ಆಗಬೇಕು ಅಲ್ವಾ? ಸಾಮಾನ್ಯವಾಗಿ ಹಾಗಾಗುವುದಿಲ್ಲ. ಸ್ವಲ್ಪ ಹೊತ್ತು ಕೆಂಪು, ಆಮೇಲೆ ಹಸಿರು, ನಡುವೆ ಅಲ್ಲಲ್ಲಿ ತೇಪೆ ಹಾಕಿದಂತೆ ಎರಡೂ. ಕೆಂಪನ್ನೇ ಹಿಡಿದಿಟ್ಟುಕೊಳ್ಳಲು ಎಷ್ಟೇ ಪ್ರಯತ್ನಿಸಿ, ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಆದರೆ ಒಂದು ಉಪಾಯ ಇದೆ. ಯಾವ ಬಣ್ಣ ಸೋಲುತ್ತಿದೆಯೋ ಆ ಕಣ್ಣಿನ ಮುಂದೆ ಮಾತ್ರ ಪೆನ್ಸಿಲ್ ಆಡಿಸಿ. ಆ ಬಣ್ಣ ಮತ್ತೆ ಮೇಲೆ ಬರುತ್ತದೆ. ಅಲುಗಾಡುವುದಕ್ಕೆ ಮಿದುಳು ಮೊದಲು ಗಮನ ಕೊಡುತ್ತದೆ.

ಪೆನ್ಸಿಲ್ ಆಡಿಸಿದ್ದನ್ನು ಬಿಟ್ಟರೆ, ಇಷ್ಟೆಲ್ಲ ಆಗುವಾಗ ಕಣ್ಣಿಗೆ ಬೀಳುವ ಬೆಳಕು ಚೂರೂ ಬದಲಾಗಿಲ್ಲ ಎನ್ನುವುದನ್ನು ಗಮನಿಸಿ. ಎರಡು ಕಣ್ಣಿನ ಸುದ್ದಿ ತಲೆಯ ಹಿಂಭಾಗದಲ್ಲಿರುವ ದೃಷ್ಟಿಯ ಭಾಗಕ್ಕೆ ತಲುಪುವವರೆಗೂ ಬಹುಪಾಲು ಬೇರೆ ಬೇರೆಯಾಗಿಯೇ ಸಾಗುತ್ತದೆ. ಎರಡೂ ಕಣ್ಣಿಗೆ ಸ್ಪಂದಿಸುವ ನರಕೋಶಗಳು ಅಲ್ಲಿವೆ. ಅವುಗಳ ಬಗ್ಗೆ ಅಧ್ಯಯನ ಮಾಡಿದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಬಂತು.

ಹಾಗಾದರೆ ಬಣ್ಣದಲ್ಲಿ ಕಣ್ಣಿನ ಪಾಲು ಏನೂ ಇಲ್ಲವೇ? ಇದೆ. ಹಸಿರು ಪೇಪರ್ ಕೆಳಗಿಡಿ. ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಕೆಂಪು ಪೇಪರ್ ಮೂಲಕ ಬೆಳಕಿರುವ ಗೋಡೆಯನ್ನು ಒಂದು ನಿಮಿಷ ನೋಡಿ. (ಸೂರ್ಯನ ಕಡೆ ಬೇಡವೇ ಬೇಡ.) ಪೇಪರ್ ತೆಗೆದು, ಒಂದಾದ ಮೇಲೊಂದು ಕಣ್ಣು ಮುಚ್ಚಿ ಗೋಡೆ ನೋಡಿ. ಎಡಗಣ್ಣಿಗೆ ಗೋಡೆ ಸ್ವಲ್ಪ ಹಸಿರು ಛಾಯೆಗೆ ತಿರುಗಿರುತ್ತದೆ, ಬಲಗಣ್ಣಿಗೆ ಹಾಗಿರುವುದಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋನ್ ಕೋಶಗಳು ಮೂರು ಬಗೆ. ಕೆಂಪು ಬೆಳಕಿಗೆ ಹೆಚ್ಚು ಸ್ಪಂದಿಸುವವು ಅದಕ್ಕೆ ಒಗ್ಗಿಹೋಗಿ ಸೊರಗಿವೆ, ಉಳಿದವುಗಳ ಮಾತೇ ಜೋರಾಗಿದೆ. ಈ ಬದಲಾವಣೆ ಬಹುಮಟ್ಟಿಗೆ ಆಯಾ ಕಣ್ಣಿನೊಳಗೇ ಆಗುತ್ತದೆ. ಎರಡೂ ಕಣ್ಣು ತೆರೆಯಿರಿ, ವ್ಯತ್ಯಾಸ ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ!

ಬಣ್ಣಗುರುಡು ಇರುವವರಿಗೆ ಈ ಫಲಿತಾಂಶ ಬೇರೆ ಇರಬಹುದು, ಗಾಬರಿ ಬೇಡ. ಆದರೆ ಬೆರಳು ಎಷ್ಟು ಸಲ ನೋಡಿದರೂ ಒಂದೇ ಕಂಡರೆ, ಕೆಂಪು ಹಸಿರಿನಲ್ಲಿ ಯಾವಾಗಲೂ ಒಂದೇ ಕಣ್ಣಿನ ಬಣ್ಣ ಗೆದ್ದರೆ, ಇನ್ನೊಂದು ಕಣ್ಣಿನ ಸುದ್ದಿಯನ್ನು ಮಿದುಳು ಬದಿಗಿಡುತ್ತಿರಬಹುದು. ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಮಕ್ಕಳಾದರೆ ತಡ ಮಾಡಬೇಡಿ, ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ.