ಲೇಸರ್ ಆದ ಮೇಲೆ ಬಂಗು ಮತ್ತೆ ಬರದ ಹಾಗೆ ನೋಡಿಕೊಂಡದ್ದು: ನನ್ನ ಅನುಭವ

ಎರಡು ಬೇಸಿಗೆ ದಾಟಿತು. ಕೆನ್ನೆಯ ಬಂಗು ಮತ್ತೆ ಬಂದಿಲ್ಲ. ಬರೆಯಲು ಇಷ್ಟು ದಿನ ಕಾದದ್ದೂ ಇದಕ್ಕೇ. ನಮ್ಮ ಕರಾವಳಿಯಲ್ಲಿ ಒಂದು ಮೇ ತಿಂಗಳು ದಾಟಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಲೇಸರ್ ಎಲ್ಲ ಆರು ತಿಂಗಳು ಮಾರಾಯ್ರೆ, ಆಮೇಲೆ ಡಬಲ್ ಆಗಿ ಬರ್ತದೆ" ಅಂತ ಆಫೀಸಿನಲ್ಲಿ ಹೇಳದವರೇ ಇಲ್ಲ. ಈಗ ಅವರೇ ನಾನು ಹಚ್ಚುವ ಸನ್‌ಸ್ಕ್ರೀನ್ ಟ್ಯೂಬಿನ ಹೆಸರು ಕೇಳುತ್ತಾರೆ.

ನಾನು ಮಾಡಿಸಿದ್ದು ಟೋನಿಂಗ್, ಅಂದ್ರೆ ಲೇಸರನ್ನು ಹಗುರವಾಗಿ ಹಲವು ಸಲ ಹಾಯಿಸಿ ಕಪ್ಪು ತಿಳಿ ಮಾಡುವುದು. ನಮ್ಮ ಬಣ್ಣಕ್ಕೆ 1064 ನ್ಯಾನೋಮೀಟರಿನ ಲೇಸರ್ ಯಾಕೆ, ಸನ್‌ಸ್ಕ್ರೀನಿಗೆ ಎರಡು ಬೆರಳಿನ ಅಳತೆ ಯಾಕೆ ಎಂಬುದೆಲ್ಲ ಮಾಡಿಸಿಕೊಂಡವರಿಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೊದಲ ಸುತ್ತಿಗೆ ನನಗೆ ಹೋದದ್ದು ಹತ್ತಿರ ಹತ್ತಿರ 30,000. ಒಂದು ಸಿಟ್ಟಿಂಗಿಗೆ 3,500-4,000, ಮೇಲೆ ಕ್ರೀಮು, ಫೇಸ್‌ವಾಶ್. ಪ್ಯಾಕೇಜ್ ಕಟ್ಟಿಸಿಕೊಂಡ ಕ್ಲಿನಿಕ್ಕಿನವರು ವಾರ ವಾರ ಕರೆದರು. ಮುಖ ಬೆಳಗಿತು, ಮನೆಯಲ್ಲಿ ಎಲ್ಲರೂ ಹೊಗಳಿದರು. ಏಪ್ರಿಲ್ ಮುಗಿಯುವಷ್ಟರಲ್ಲಿ ಎಡಗೆನ್ನೆಯಲ್ಲಿ ಮತ್ತೆ ಕಾಫಿ ಬಣ್ಣ. "ಇನ್ನೊಂದು ಪ್ಯಾಕೇಜ್ ತಗೊಳ್ಳಿ, ಡಿಸ್ಕೌಂಟ್ ಕೊಡ್ತೇವೆ" ಎಂದರು. ಅಲ್ಲಿಗೇ ಬರುತ್ತಿದ್ದ ಒಬ್ಬರು ಹಾಗೆ ಮಾಡಿಸುತ್ತಲೇ ಹೋದರು. ಅವರ ಕಪ್ಪಿನ ನಡುವೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಎದ್ದವು. ಟೋನಿಂಗ್ ಅತಿಯಾದರೆ ಬರುವ ಚುಕ್ಕೆ ಅದು, ಬೇಗ ಹೋಗುವಂಥದ್ದಲ್ಲ. ನಾನು ಆ ಕ್ಲಿನಿಕ್ ಬಿಟ್ಟೆ.

ನಂತರ ಸಿಕ್ಕ ಚರ್ಮದ ಡಾಕ್ಟರು ಲೇಸರ್ ಬಗ್ಗೆ ಮಾತಾಡುವ ಮೊದಲು "ದಿನಾ ಹೇಗೆ ಓಡಾಡ್ತೀರಿ?" ಅಂತ ಕೇಳಿದರು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಬಲಗೆನ್ನೆ ಸುಮಾರಾಗಿ ಸರಿಯೇ ಇತ್ತು, ಎಡಗೆನ್ನೆಯೇ ಯಾಕೆ ಹಾಳಾಯಿತು?

ಉತ್ತರ ಬಸ್ಸಿನಲ್ಲಿ ಸಿಕ್ಕಿತು. ನಾನು ಉಡುಪಿಯಿಂದ ಮಂಗಳೂರಿಗೆ ಹೋಗಿ ಬರುವವಳು. ಬೆಳಿಗ್ಗೆ ದಕ್ಷಿಣಕ್ಕೆ ಹೋಗುವಾಗ ಬಿಸಿಲು ಪೂರ್ವದಿಂದ, ಅಂದರೆ ಎಡಗಡೆಯಿಂದ. ಸಂಜೆ ಉತ್ತರಕ್ಕೆ ಬರುವಾಗ ಬಿಸಿಲು ಪಡುವಣದಿಂದ, ಅದೂ ಎಡಗಡೆಯೇ! ಹೋಗುವಾಗಲೂ ಬರುವಾಗಲೂ ಎಡಗಡೆ ಕಿಟಕಿಯಲ್ಲಿ ಕೂತು ಒಂದೇ ಕೆನ್ನೆಗೆ ಬಿಸಿಲು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಗಾಜು ತೆರೆದೇ ಇರುತ್ತದೆ. ಮುಚ್ಚಿದರೂ ಬಿಸಿಲಿನ ಯುವಿಎ ಕಿರಣ (ಕಣ್ಣಿಗೆ ಕಾಣದ ಯುವಿಯ ಒಂದು ಭಾಗ) ಗಾಜು ದಾಟಿ ಬರುತ್ತದೆ. ಆ ವಾರದಿಂದ ಬಲಗಡೆ, ಅದೂ ಒಳಗಿನ ಸೀಟು. ಒಂದು ಪೈಸೆ ಖರ್ಚಿಲ್ಲ. ಮಂಗಳೂರಿನಿಂದ ಉಡುಪಿ ಪಕ್ಕದ ಮಣಿಪಾಲಕ್ಕೆ ಕೆಲಸಕ್ಕೆ ಬರುವವರಿಗೆ ಇದು ತಿರುಗುಮುರುಗು, ಅವರು ಎಡಗಡೆ ಕೂರಬೇಕು.

ಎರಡನೆಯದು ಸನ್‌ಸ್ಕ್ರೀನ್. ಮೊದಲ ಸುತ್ತಿನಲ್ಲೂ ಹಚ್ಚುತ್ತಿದ್ದೆ, ಎಸ್‌ಪಿಎಫ್ 50, ತಪ್ಪಿಸಿದವಳಲ್ಲ. ಆದರೆ ಅದು ಬಣ್ಣವಿಲ್ಲದ ಜೆಲ್. ಬಂಗು ಇರುವವರಿಗೆ ಯುವಿ ತಡೆದರೆ ಸಾಲದು. ಕಣ್ಣಿಗೆ ಕಾಣುವ ಬೆಳಕಿನಲ್ಲೂ ನೀಲಿ-ನೇರಳೆ ಭಾಗ ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮವನ್ನು ಕಪ್ಪಾಗಿಸುತ್ತದೆ. ಅದನ್ನು ಚೆನ್ನಾಗಿ ತಡೆಯುವುದು ಐರನ್ ಆಕ್ಸೈಡ್, ಅದು ಇರುವುದು ಟಿಂಟೆಡ್, ಅಂದರೆ ಚರ್ಮದಂಥ ಬಣ್ಣ ಬೆರೆಸಿದ ಟ್ಯೂಬಿನಲ್ಲಿ. ಕೊಳ್ಳುವಾಗ ಟ್ಯೂಬಿನ ಹಿಂದೆ ಆ ಹೆಸರು ಇದೆಯಾ ಅಂತ ಓದಿ. ಮುಂದೆ "ಟಿಂಟೆಡ್" ಅಂತ ಇದ್ದರೆ ಸಾಲದು.

50 ಗ್ರಾಮಿನ ಟ್ಯೂಬಿಗೆ 700-900 ರೂಪಾಯಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟಕ್ಕೆ ಮೊದಲು ಒಮ್ಮೆ ಹಚ್ಚಿದರೆ ನನಗೆ ಮೂರು ವಾರ ಬಂದರೆ ಜಾಸ್ತಿ. ನಿಮ್ಮ ಟ್ಯೂಬ್ ಮೂರು ತಿಂಗಳು ಬರುತ್ತಿದೆ ಅಂದ್ರೆ ನೀವು ಹಚ್ಚುತ್ತಿರುವುದು ಸಾಲುತ್ತಿಲ್ಲ, ಅಷ್ಟೇ. ತಿಂಗಳಿಗೆ ಸಾವಿರದ ಮೇಲೆ ಹೋಗುತ್ತದೆ, ಒಪ್ಪುತ್ತೇನೆ. ಮತ್ತೆ 30,000 ಕಟ್ಟುವುದಕ್ಕಿಂತ ವಾಸಿ ಅಲ್ವಾ?

ಖರ್ಚು ಇಳಿಸಲು ಕ್ಯಾಲಮೈನ್ ಲೋಷನ್ ಪ್ರಯತ್ನಿಸಿದೆ. ಅದರ ಗುಲಾಬಿ ಬಣ್ಣವೂ ಐರನ್ ಆಕ್ಸೈಡಿನದ್ದೇ. ಮಾಮೂಲಿ ಜೆಲ್ ಮೇಲೆ ಹಚ್ಚಿದೆ. ಮಂಗಳೂರಿನ ಸೆಕೆಗೆ ಹನ್ನೊಂದು ಗಂಟೆಯೊಳಗೆ ಬಿರುಕು ಬಿಟ್ಟು, ಮೂಗಿನ ಪಕ್ಕ ಗೆರೆ ಗೆರೆಯಾಗಿ ಇಳಿಯಿತು. ಬಿಟ್ಟೆ. ಕಾಂಪ್ಯಾಕ್ಟ್ ಪೌಡರ್ ಪರವಾಗಿಲ್ಲ, ಮಧ್ಯಾಹ್ನದ ಎರಡನೇ ಸಲಕ್ಕೆ ಟಿಂಟೆಡ್ ಮೇಲೆ ಒತ್ತಿಕೊಳ್ಳುತ್ತೇನೆ. ಬೆವರಿಗೆ ಇಳಿಯದಂತೆ ಹಚ್ಚುವ ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ತಂಗಿಯ ಮದುವೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಓಡಾಡಿದರೂ ನನ್ನ ಮುಖ ಹಾಗೇ ಇತ್ತು, ಇಷ್ಟು ಹೇಳುತ್ತೇನೆ.

ಬಿಸಿಲಿನ ಹಾಗೆ ಒಲೆಯ ಕಾವೂ ಬಂಗಿಗೆ ಒಳ್ಳೆಯದಲ್ಲ. ನೀರುದೋಸೆಯ ಕಾವಲಿ ಎದುರು ಮುಕ್ಕಾಲು ಗಂಟೆ ನಿಂತರೆ ಕೆನ್ನೆ ಕೆಂಪಗಾಗುತ್ತದೆ, ಗಮನಿಸಿ. ಬಚ್ಚಲಿನ ಹಂಡೆಗೆ ಬಗ್ಗಿ ಸೌದೆ ತಳ್ಳುವಾಗಲೂ ಹಾಗೇ. ಸಿಟ್ಟಿಂಗ್ ಆದ ವಾರ ದೋಸೆ ಹೊಯ್ಯುವ ಕೆಲಸ ಗಂಡನಿಗೆ. ಉಳಿದ ದಿನ ಒಲೆಯಿಂದ ಬಂದ ತಕ್ಷಣ ತಣ್ಣೀರಿನ ಬಟ್ಟೆ ಕೆನ್ನೆಗೆ. ಪಾರ್ಲರಿನ ಸ್ಟೀಮ್ ಪೂರ್ತಿ ಬಂದ್.

ರಾತ್ರಿಯ ಕ್ರೀಮಿನ ವಿಷಯ ಬೇಗ ಮುಗಿಸುತ್ತೇನೆ. ಕಪ್ಪು ತಿಳಿ ಮಾಡಲು ಹಚ್ಚುವ ಎರಡು ಮದ್ದು, ಒಂದು ಕೆನ್ನೆಗೆ ನಯಾಸಿನಮೈಡ್, ಇನ್ನೊಂದಕ್ಕೆ ಅಜೆಲಾಯಿಕ್ ಆಸಿಡ್ ಹಚ್ಚಿ ಸುಮಾರು ಮೂರು ತಿಂಗಳು ನೋಡಿದೆ. ಅದೇ ಕಿಟಕಿ, ಅದೇ ಹೊತ್ತು, ಪ್ರತಿ ತಿಂಗಳ ಮೊದಲ ಭಾನುವಾರ ಫೋಟೋ. ನನ್ನ ಮುಖಕ್ಕೆ ಅಜೆಲಾಯಿಕ್ ಗೆದ್ದಿತು. ಮೊದಲೆರಡು ವಾರ ಚುರುಚುರು ಅಂದದ್ದು ನಿಜ. ಸಿಟ್ಟಿಂಗಿನ ಹಿಂದೆ ಮುಂದೆ ಕೆಲವು ದಿನ ಇಂಥದ್ದೆಲ್ಲ ನಿಲ್ಲಿಸಿ ಬರೀ ಮಾಯಿಶ್ಚರೈಸರ್.

ಮೂರು ಮದ್ದು ಸೇರಿದ ಕ್ರೀಮ್ ಬಗ್ಗೆ ಮಾತ್ರ ಸಿಟ್ಟಿನಿಂದಲೇ ಬರೆಯುತ್ತೇನೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಡಾಕ್ಟರು ಕೆಲವು ವಾರಕ್ಕೆ ಬರೆದುಕೊಟ್ಟದ್ದನ್ನು ನಮ್ಮವರು ವರ್ಷಗಟ್ಟಲೆ ಹಚ್ಚುತ್ತಾರೆ. ಪಕ್ಕದ ಮನೆಯ ಅಕ್ಕನ ಕೆನ್ನೆ ತೆಳುವಾಗಿ, ಸಣ್ಣ ರಕ್ತನಾಳದ ಕೆಂಪು ಗೆರೆ ಕಾಣುತ್ತದೆ. ನಿಲ್ಲಿಸಿದರೆ ಉರಿ, ಹಚ್ಚಿದರೆ ಹಾಳು. ಹಾಗೇ ಬಂಗಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ರಕ್ತ ಹೆಪ್ಪುಗಟ್ಟುವ ಸಮಸ್ಯೆ ಇದ್ದವರಿಗೆ ಅದು ಅಪಾಯ. ನನಗೂ ಡಾಕ್ಟರು ಮನೆಯವರ ಕಥೆ ಎಲ್ಲ ಕೇಳಿದ ಮೇಲೆಯೇ ಕೊಟ್ಟರು, ಸ್ವಲ್ಪ ತಿಂಗಳಲ್ಲಿ ನಿಲ್ಲಿಸಿದರು. ಗೆಳತಿ ಹೇಳಿದಳು ಅಂತ ಮೆಡಿಕಲ್ಲಿನಿಂದ ತಂದು ನುಂಗಬೇಡಿ.

ಇಷ್ಟೆಲ್ಲ ಹಿಡಿತಕ್ಕೆ ಬಂದ ಮೇಲೆ ಎರಡನೇ ಸುತ್ತು ಮಾಡಿಸಿದ್ದು. ಕಡಿಮೆ ಪವರ್, ತಿಂಗಳಿಗೊಂದರಂತೆ ನಾಲ್ಕೈದು ಸಿಟ್ಟಿಂಗ್. ಖರ್ಚು ಮೊದಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದಾದ ಮೇಲೆ ಕೆನ್ನೆಗೆ ಲೇಸರ್ ಮುಟ್ಟಿಸಿಲ್ಲ.

ಮೇಲ್ತುಟಿಯ ಕಲೆ ಇನ್ನೂ ಇದೆ. ಅದು ಬಂಗು ಒಂದೇ ಅಲ್ಲ, ಬಿಸಿ ವ್ಯಾಕ್ಸ್ ಎಳೆದೆಳೆದು ಆದ ಕಪ್ಪೂ ಸೇರಿದೆ ಅನಿಸುತ್ತದೆ. ವ್ಯಾಕ್ಸ್ ಬಿಟ್ಟು ಸಣ್ಣ ಕತ್ತರಿಗೆ ಬಂದ ಮೇಲೆ ಸ್ವಲ್ಪ ತಿಳಿಯಾಗಿದೆ. ಮಳೆಗಾಲ ಹಿಡಿದ ಮೇಲೆ ಡಾಕ್ಟರಿಗೆ ತೋರಿಸಿ, ಅಷ್ಟು ಜಾಗಕ್ಕೆ ಮಾತ್ರ ಎಷ್ಟಾಗುತ್ತದೆ ಅಂತ ಕೇಳಬೇಕು. 5,000 ಬದಿಗಿಟ್ಟಿದ್ದೇನೆ.