ಬ್ಲೌಸ್ ಪೀಸ್ ಹಿಡಿದು ಶೇಡ್ ಹುಡುಕಿದ್ದು: ನನ್ನ ಅನುಭವ

ಹಾಸನದಲ್ಲಿ ಪಾರ್ಲರ್ ಇಟ್ಟು ಹನ್ನೊಂದು ವರ್ಷ ಆಯ್ತು. ಮೊದಲ ಐದಾರು ವರ್ಷ ನಾನೂ ಮದುವೆ ಹೆಣ್ಣಿಗೆ ಅವಳ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಫೌಂಡೇಶನ್ ಹಾಕುತ್ತಿದ್ದೆ. 'ಸ್ವಲ್ಪ ಬೆಳ್ಳಗೆ ಮಾಡಮ್ಮ' ಅಂತ ತಾಯಂದಿರೇ ಕೇಳುತ್ತಾರೆ, ಅಲ್ವಾ?

ಸಕಲೇಶಪುರದ ಕಡೆಯ ಒಂದು ಮದುವೆಯಲ್ಲಿ ಸಿಕ್ಕಿಬಿದ್ದೆ. ಧಾರೆ ಹೊತ್ತಿಗೆ ಹುಡುಗಿಯ ಮುಖಕ್ಕೆ ಬೂದಿ ಬಳಿದ ಹಾಗಿತ್ತು, ಕೈ ಬೇರೆಯದೇ ಬಣ್ಣ. ಸನ್‌ಸ್ಕ್ರೀನ್ ಸೇರಿದ್ದ ಫೌಂಡೇಶನ್, ಅದರಲ್ಲಿನ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಕ್ಯಾಮೆರಾ ಫ್ಲ್ಯಾಶ್ ಬೆಳಕಿಗೆ ಬಿಳುಚಿಕೊಂಡಿತು. ಆರತಕ್ಷತೆಗೆ ಬೇರೆಯವರನ್ನು ಕರೆಸಿದರು. ಮಾತಾಡಿದ್ದು ಹದಿನೈದು ಸಾವಿರ, ಕೈಗೆ ಬಂದದ್ದು ಐದು.

ಆಮೇಲೆ ಮಣಿಕಟ್ಟಿನ ನರ ನೋಡಿ ಚರ್ಮದೊಳಗಿನ ಛಾಯೆ, ಅಂದರೆ ಅಂಡರ್‌ಟೋನ್ ಹೇಳೋದನ್ನು ನಂಬಿದೆ. ನಮ್ಮ ಕಡೆ ಬಹಳ ಜನರ ನರ ಹಸಿರಾಗೇ ಕಾಣುತ್ತೆ. ಹಸಿರು ನರ ಅಂದರೆ ವಾರ್ಮ್, ಅಂದರೆ ಹಳದಿ ಛಾಯೆ, ಅನ್ನೋ ಲೆಕ್ಕದಲ್ಲಿ ಎಲ್ಲರೂ ವಾರ್ಮ್ ಅಂತ ತಿಳಿದು ಹಳದಿ ಫೌಂಡೇಶನ್ ಬಾಟಲಿಗಳಿಗೆ ಹೆಚ್ಚುಕಮ್ಮಿ ಹದಿನೆಂಟು ಸಾವಿರ ಸುರಿದೆ. ಹಾಕಿದಾಗ ಚೆನ್ನಾಗಿರುತ್ತಿತ್ತು, ಅರ್ಧ ಗಂಟೆಯಲ್ಲಿ ಕಿತ್ತಳೆ ಆಗುತ್ತಿತ್ತು. ಅರ್ಧ ಬಾಟಲಿಗಳು ಹಾಗೇ ಒಣಗಿದವು.

ದಾರಿ ಸಿಕ್ಕಿದ್ದು ಬ್ಲೌಸ್ ಪೀಸಿನಿಂದ. ಹಾಲುಬಿಳಿ, ಕೆನೆಬಣ್ಣ, ರಾಣಿ ಪಿಂಕ್, ಇಟ್ಟಿಗೆ ಕೆಂಪು, ನೇರಳೆ, ಗಿಣಿಹಸಿರು ಹೀಗೆ ಹನ್ನೆರಡು ತುಂಡು ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಹತ್ತರ ಸುಮಾರಿಗೆ ನೇರ ಬಿಸಿಲು ಬೀಳದ ಕಿಟಕಿ ಹತ್ತಿರ ಕೂರಿಸಿ, ಮುಖ ತೊಳೆಸಿ, ಕೂದಲು ಹಿಂದಕ್ಕೆ ಕಟ್ಟಿ ಒಂದೊಂದನ್ನೇ ಗಲ್ಲದ ಕೆಳಗೆ ಹಿಡಿಯುತ್ತೇನೆ. ನಾನು ನೋಡೋದು ಬಟ್ಟೆಯನ್ನಲ್ಲ, ಕಣ್ಣಿನ ಕೆಳಗೆ ಮತ್ತು ಬಾಯಿ ಸುತ್ತ. ಹೊಂದದ ಬಣ್ಣ ಬಂದರೆ ಅಲ್ಲಿನ ಕಪ್ಪು ಎದ್ದು ಕಾಣುತ್ತೆ, ಹೊಂದಿದರೆ ಒಂದೇ ಸಮ ಆಗುತ್ತೆ. ರಾಣಿ ಪಿಂಕ್ ಗೆದ್ದರೆ ಲಿಪ್‌ಸ್ಟಿಕ್, ಬ್ಲಶ್ ಎರಡೂ ನೀಲಿ ಛಾಯೆಯ ಕೆಂಪು. ಇಟ್ಟಿಗೆ ಗೆದ್ದರೆ ಕಿತ್ತಳೆ ಛಾಯೆಯದು. ಫೌಂಡೇಶನ್ನನ್ನು ದವಡೆಯಿಂದ ಕುತ್ತಿಗೆಗೆ ಎಳೆದು ಅರ್ಧ ಗಂಟೆ ಬಿಟ್ಟೇ ನೋಡುತ್ತೇನೆ.

ಅರಿಶಿನ ಶಾಸ್ತ್ರ ಆದಮೇಲಂತೂ ಹೀಗೆ ಬಣ್ಣ ಹಚ್ಚಿ ನೋಡುವ ಟ್ರಯಲ್ ಬೇಡ. ಅರಿಶಿನ ಎರಡು ದಿನ ಚರ್ಮ ಬಿಡೋದಿಲ್ಲ, ಎಲ್ಲರೂ ಹಳದಿಯಾಗೇ ಕಾಣುತ್ತಾರೆ. ಇದು ಗೊತ್ತಾಗುವ ಮುಂಚೆ ಮೂರು ಮದುವೆ ಕೆಟ್ಟವು.

ಹಸಿರು ಛಾಯೆಯ ಚರ್ಮಕ್ಕೆ ಫೌಂಡೇಶನ್‌ಗೆ ನೀಲಿ ಮಿಕ್ಸರ್, ಅಂದರೆ ಬಣ್ಣ ತಿದ್ದುವ ಹನಿ, ಸೇರಿಸುತ್ತೇನೆ. ಎಷ್ಟು ಹನಿ, ಯಾವಾಗ ಅನ್ನೋದು ನನ್ನಲ್ಲೇ ಇರಲಿ, ಅದು ನನ್ನ ಅನ್ನ.

ನಡುವೆ ಆರು ಲೋಟದಲ್ಲಿ ಕಾಫಿಗೆ ಬೇರೆ ಬೇರೆ ಅಳತೆಯ ಹಾಲು ಬೆರೆಸಿ ಶೇಡ್ ಚಾರ್ಟ್ ಮಾಡಿದ್ದೆ. ಹುಡುಗಿಯರು ಖುಷಿಯಿಂದ ತಮ್ಮ ಲೋಟ ಆರಿಸುತ್ತಿದ್ದರು. ಗಾಢ ಎಷ್ಟು ಅಂತ ತಿಳಿಯುತ್ತಿತ್ತು, ಅಂಡರ್‌ಟೋನ್ ತಿಳಿಯುತ್ತಿರಲಿಲ್ಲ. ಮೇಲೆ ಕೆನೆ ಬೇರೆ ಕಟ್ಟುತ್ತಿತ್ತು. ಬಿಟ್ಟೆ.

'ಬಟ್ಟೆ ಅಂಗಡಿ ಇಟ್ಟಿದ್ದೀಯೇನೇ?' ಅಂತ ಕೇಳಿದ್ದ ಪಕ್ಕದ ಬೀದಿ ಪಾರ್ಲರ್ ಅಕ್ಕ ಹೋದ ವರ್ಷ ತಮ್ಮ ಮಗಳನ್ನು ನನ್ನ ಹತ್ತಿರವೇ ಕಳಿಸಿದರು. ಕಳೆದ ಸೀಸನ್ ನಲವತ್ತರ ಹತ್ತಿರ ಮದುವೆ ಮಾಡಿದೆ, ಒಬ್ಬರೂ ಹಾಕಿದ ಮೇಕಪ್ ತೊಳೆಸಲಿಲ್ಲ.

ಬೇಲೂರಿನ ಒಂದು ಮದುವೆ. ಕಪ್ಪು ಮೈಬಣ್ಣದ, ಲಕ್ಷಣವಾದ ಹುಡುಗಿ. ಅವಳದೇ ಶೇಡ್ ಫೌಂಡೇಶನ್, ಕಣ್ಣಿನ ಕೆಳಗೆ ಕಪ್ಪು ಮರೆಸುವ ಕಿತ್ತಳೆ ಕರೆಕ್ಟರ್, ತುಟಿಗೆ ನೇರಳೆಹಣ್ಣಿನ ಬಣ್ಣ. ತಾಯಿಗೆ ನಂಬಿಕೆ ಇರಲಿಲ್ಲ. 'ಏನೂ ಹಾಕೇ ಇಲ್ವಲ್ಲಮ್ಮ' ಅಂದರು. ಸೆರಗಿನ ತುದಿಯಿಂದ ಮಗಳ ದವಡೆ ಒರೆಸಿ, ಬಟ್ಟೆಗೆ ಹತ್ತಿದ ಬಣ್ಣವನ್ನು ಅವಳ ಕುತ್ತಿಗೆ ಪಕ್ಕ ಹಿಡಿದು ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಬಾಕಿ ದುಡ್ಡು ಅಲ್ಲೇ ಎಣಿಸಿ ಕೊಟ್ಟರು.